ಬ್ಯಾರಲ್ಲಿನ ಬಾಯಿ

ಡೆಂಗಿ ಹೆಚ್ಚಿದಾಗ ಮುದುಕರಿಗೆ, ಬಸುರಿಯರಿಗೆ ನಾವು ಹೇಳುವುದು ಒಂದೇ: ಹೊರಗೆ ಹೋಗಬೇಡಿ. ಕೋವಿಡ್ ಕಲಿಸಿದ ಈ ಪಾಠ ಇಲ್ಲಿ ಸಲ್ಲದು. ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅಡಗುವುದು ಮಂಚದ ಕೆಳಗೆ, ಮೊಟ್ಟೆಯಿಡುವುದು ಬಚ್ಚಲ ಬ್ಯಾರಲ್ಲಿನ ತಿಳಿನೀರಿನ ಅಂಚಿಗೆ. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ಗೊತ್ತುಮಾಡಿದ್ದು ಅದಕ್ಕೇ.

ಬೆಳಗಾವಿಯ ನೆಹರು ನಗರದಲ್ಲಿ ದೊಡ್ಡಾಸ್ಪತ್ರೆ ಇದೆಯಲ್ಲ ಎನ್ನಬಹುದು. ಆದರೆ ಡೆಂಗಿಯಲ್ಲಿ ಜ್ವರ ಇಳಿದ ಹೊತ್ತೇ ಅಪಾಯದ ಹೊತ್ತು. ಖಾನಾಪುರದ ಕಾಡಂಚಿನಲ್ಲಿ ಆಗ ಹಳ್ಳ ತುಂಬಿದ್ದರೆ ದಾರಿಯೇ ಇಲ್ಲ. ಹಾಗಾಗಿ ಸೊಳ್ಳೆಯನ್ನು ಮನೆಯಲ್ಲೇ ತಡೆಯಬೇಕು. ಆದರೆ ನಲ್ಲಿ ದಿನಾ ಬರದಿದ್ದರೆ ನೀರು ಹಿಡಿದಿಡದೆ ಹೇಗೆ? ನ್ಯಾಯವಾದ ಪ್ರಶ್ನೆ, ಅರ್ಧ ಉತ್ತರ ನೀರು ಬಿಡುವವರೇ ಕೊಡಬೇಕು. ಉಳಿದರ್ಧ ನಮ್ಮದು: ಬ್ಯಾರಲ್ಲಿನ ಬಾಯಿಗೆ ಹಳೆ ಧೋತರ ಬಿಗಿದು, ವಾರಕ್ಕೊಮ್ಮೆ ಒಳಗೋಡೆ ತಿಕ್ಕುವುದು. ಬರೀ ನೀರು ಚೆಲ್ಲಿದರೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತದೆ. ಈ ಸೊಳ್ಳೆ ದೂರ ಹಾರುವುದಿಲ್ಲ; ಪಕ್ಕದ ಮನೆಯ ಒಂಟಿ ಅಜ್ಜಿಯ ಬ್ಯಾರಲ್ಲನ್ನೂ ಅದೇ ದಿನ ತಿಕ್ಕಿಬಿಡಬೇಕು.