ಹೊರಗೆ ನಿಂತ ಹಿರಿಯ ಮಗ



ಕವಿರಾಜಮಾರ್ಗವನ್ನು ಕನ್ನಡಕ್ಕಿತ್ತ ರಾಷ್ಟ್ರಕೂಟರ ಮಾನ್ಯಖೇಟವು ಇಂದಿನ ಮಳಖೇಡವಾಗಿ ಈ ಸೀಮೆಯಲ್ಲಿಯೇ ಇರುವುದರಿಂದ, ಇಲ್ಲಿ ಗ್ರಂಥಗಳಿಗೆ ಸಲ್ಲುವ ಗೌರವವು ಹೊಸತೇನಲ್ಲ. ಗುಂಡಗುರ್ತಿಯಲ್ಲಿ ಏರ್ಪಟ್ಟಿರುವ ಕ್ರೈಸ್ತ ಕಥಾಸಾಹಿತ್ಯದ ಈ ಪ್ರದರ್ಶನವನ್ನು ಉದ್ಘಾಟಿಸುವ ಭಾಗ್ಯವು ನನಗೆ ಒದಗಿದ್ದು ಸಂತೋಷದ ಸಂಗತಿ.

ಕ್ಷಮೆಯನ್ನು ಕುರಿತ ಕಥೆಗಳಿಗೆಲ್ಲ ಮೂಲವೆನ್ನಬಹುದಾದುದು ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿರುವ ತಪ್ಪಿಹೋದ ಮಗನ ಸಾಮ್ಯ. ಆಸ್ತಿಯ ಪಾಲನ್ನು ದೂರದೇಶದಲ್ಲಿ ಹಾಳುಮಾಡಿ, ಹಂದಿ ಮೇಯಿಸುವ ದುರವಸ್ಥೆಗಿಳಿದು ಮರಳಿದ ಕಿರಿಯವನನ್ನು ತಂದೆಯು ಓಡಿಹೋಗಿ ಅಪ್ಪಿಕೊಂಡು, ನಿಲುವಂಗಿಯನ್ನು ತೊಡಿಸಿ, ಬೆರಳಿಗೆ ಉಂಗುರವನ್ನೂ ಕಾಲಿಗೆ ಜೋಡನ್ನೂ ಹಾಕಿಸಿದನೆಂಬುದನ್ನು ಎಲ್ಲರೂ ಬಲ್ಲರು. ಆದರೆ ಹೊಲದಿಂದ ಬಂದ ಹಿರಿಯ ಮಗನು ವಾದ್ಯದ ಸದ್ದನ್ನು ಕೇಳಿ, ಆಳಿನಿಂದ ಕಾರಣವನ್ನು ತಿಳಿದು, ಒಳಗೆ ಕಾಲಿಡಲೊಲ್ಲದೆ ಹೊರಗೇ ನಿಂತನೆಂಬುದನ್ನು ನಾವು ಬೇಗನೆ ಮರೆಯುತ್ತೇವೆ. ಅವನನ್ನು ಒಡಂಬಡಿಸುವುದಕ್ಕೂ ತಂದೆಯೇ ಹೊರಗೆ ಬಂದನು. ಹಿರಿಯವನು ಒಳಹೊಕ್ಕನೋ ಇಲ್ಲವೋ, ಸಾಮ್ಯವು ಹೇಳುವುದಿಲ್ಲ. ಕ್ಷಮಿಸಿದವನ ಔದಾರ್ಯವನ್ನು ಕೊಂಡಾಡಿ, ನೊಂದವನ ಮಾತಿಗೆ ಕಿವಿಗೊಡದ ಕಾದಂಬರಿಯು ಅರ್ಧ ಕಾದಂಬರಿಯೆಂಬುದು ನನ್ನ ದೃಢವಾದ ಅಭಿಪ್ರಾಯ. ಬಾಳಿನಲ್ಲಿಯೂ ಹಾಗೆಯೇ: ಏಟು ತಿಂದ ಹೆಣ್ಣಿಗೆ ಹೊಂದಿಕೊಂಡು ಹೋಗೆಂದು ಬುದ್ಧಿ ಹೇಳುವುದು ಸಮಾಧಾನವಲ್ಲ.

ನೊಂದವಳ ಮಾತಿಗೆ ಕಿವಿಗೊಟ್ಟ ಕಾದಂಬರಿಯೂ ಉಂಟು. ಅಮೆರಿಕದ ಫ್ರಾನ್ಸೀನ್ ರಿವರ್ಸ್ 1991ರಲ್ಲಿ ಪ್ರಕಟಿಸಿದ 'ರಿಡೀಮಿಂಗ್ ಲವ್' ಎಂಬ ಪ್ರಣಯಕಾದಂಬರಿಯು ಬೈಬಲಿನ ಪ್ರವಾದಿ ಹೋಶೇಯನ ದಾಂಪತ್ಯವನ್ನು ಕ್ಯಾಲಿಫೋರ್ನಿಯದ ಚಿನ್ನದ ಬೇಟೆಯ ಕಾಲಕ್ಕೆ ತಂದಿತು. ಬಾಲ್ಯದಲ್ಲಿಯೇ ವೇಶ್ಯಾವೃತ್ತಿಗೆ ಮಾರಿಹೋದ ನಾಯಿಕೆಯು, ತನ್ನನ್ನು ವರಿಸಿದವನ ಪ್ರೇಮವನ್ನು ನಂಬಲಾರದೆ ಮತ್ತೆ ಮತ್ತೆ ಮನೆ ಬಿಟ್ಟು ಹೋಗುತ್ತಾಳೆ. ಆ ಅಪನಂಬಿಕೆ ಕರಗುವುದಕ್ಕೆ ಲೇಖಕಿಯು ಕೊಟ್ಟ ದೀರ್ಘಾವಧಿಯೇ ಆ ಕೃತಿಯ ಸತ್ತ್ವ.

ನಮ್ಮಲ್ಲಿ ಸಾಗರದ ನಾ. ಡಿಸೋಜರು 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಕಾದಂಬರಿಯಿಂದ ಕ್ರೈಸ್ತ ಕುಟುಂಬಗಳ ಬಾಳನ್ನು ಕನ್ನಡಿಗರೆಲ್ಲರ ಮುಂದಿಟ್ಟರು. ಅದು ಮಲೆನಾಡಿನ ಮಾತಾಯಿತು. ಶಹಾಬಾದದ ಕಲ್ಲುಗಣಿಯಲ್ಲಿಯೋ ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿಯೋ ದುಡಿಯುವವರ ಮನೆಗಳು, ತೊಗರಿ ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಮಾತುಬಿಟ್ಟ ಮನೆಗಳು, ಮೆಚ್ಚಿದವನನ್ನು ಮದುವೆಯಾದಳೆಂದು ಮಗಳ ಹೆಸರನ್ನೇ ಎತ್ತದ ಮನೆಗಳು ಈ ಸೀಮೆಯಲ್ಲಿ ತಮ್ಮ ಕಾದಂಬರಿಕಾರನಿಗಾಗಿ ಕಾದಿವೆ.

ತರುಣ ಮಿತ್ರರೇ, ಆ ಕಥೆಗಳನ್ನು ನೀವು ಮನೆಯಲ್ಲಾಡುವ ಕನ್ನಡದಲ್ಲಿಯೇ ಬರೆಯಿರಿ. ಕ್ರಿಸ್ಮಸ್ಸಿಗೆ ತವರಿಗೆ ಬಂದ ಆ ಮಗಳಿಗೆ ರೊಟ್ಟಿಯ ತಾಟನ್ನು ಮೊದಲು ಮುಂದಿಟ್ಟವರು ಯಾರು, ಅವ್ವ ಏನೆಂದಳು, ಅಪ್ಪ ಎದ್ದುಹೋದನೋ ಕುಳಿತನೋ, ಎಲ್ಲವನ್ನೂ ಬರೆಯಿರಿ, ಸುಖಾಂತಕ್ಕಾಗಿ ಆತುರಪಡಬೇಡಿರಿ. ಸಂಘಟಕರಲ್ಲಿ ನನ್ನದೊಂದು ವಿನಂತಿಯುಂಟು: ಬರುವ ವರ್ಷದ ಪ್ರದರ್ಶನದಲ್ಲಿ ಈ ಸೀಮೆಯ ಲೇಖಕ ಲೇಖಕಿಯರ ಕೃತಿಗಳಿಗೆ ಒಂದು ಮೇಜನ್ನು ಮೀಸಲಿಡಿರಿ.