ಔಷಧ ತರುವ ಮುನ್ನ ಗಡ್ಡೆಯ ಪರೀಕ್ಷೆ



ದೊಡ್ಡಕರುಳಿನ ಕ್ಯಾನ್ಸರ್ ಎಲ್ಲರಲ್ಲೂ ಒಂದೇ ಬಗೆಯದಲ್ಲ. ಕಾಯಿಲೆ ಬೇರೆ ಅಂಗಗಳಿಗೆ ಹರಡಿದಾಗ ಕಿಮೋಥೆರಪಿಯೊಂದಿಗೆ ಸೆಟುಕ್ಸಿಮ್ಯಾಬ್ ಎಂಬ ದುಬಾರಿ ಇಂಜೆಕ್ಷನ್ ಕೊಡುವುದುಂಟು. ಗಡ್ಡೆಯಲ್ಲಿ ಕೆ-ರಾಸ್ ಎಂಬ ಜೀನ್ ಬದಲಾಗಿದ್ದರೆ ಹೀಗೆ ಕೊಟ್ಟರೂ ಫಲವಿಲ್ಲವೆಂದು 2008ರಲ್ಲಿ ಸ್ಪಷ್ಟವಾಯಿತು. 100 ರೋಗಿಗಳಲ್ಲಿ ಸುಮಾರು 40 ಮಂದಿಗೆ ಈ ಬದಲಾವಣೆ ಇರುತ್ತದೆ. ಆದ್ದರಿಂದ ಹೊಲ ಮಾರಿ, ಸಾಲ ಮಾಡಿ ಔಷಧ ತರುವ ಮುನ್ನ “ರಾಸ್ ಪರೀಕ್ಷೆ ಆಗಿದೆಯೇ?” ಎಂದು ವೈದ್ಯರನ್ನು ಕೇಳಿರಿ.

ಇದಕ್ಕೆ ಸಾಮಾನ್ಯವಾಗಿ ಮತ್ತೆ ಆಪರೇಷನ್ ಬೇಡ. ಮೊದಲು ತೆಗೆದ ಗಡ್ಡೆಯ ತುಣುಕನ್ನು ಮೇಣದಲ್ಲಿ ಕೂಡಿಸಿಟ್ಟ ‘ಬ್ಲಾಕ್’ ಸಾಕು. ಅದನ್ನೂ ರಿಪೋರ್ಟನ್ನೂ ಜೋಪಾನವಾಗಿಡಿರಿ.

ಈ ಬದಲಾವಣೆ ಗಡ್ಡೆಯಲ್ಲಿ ಮಾತ್ರ ಆಗುವುದು, ಮಕ್ಕಳಿಗೆ ಬರುವಂಥದ್ದಲ್ಲ. ಜೀನ್ ಬದಲಾಗಿದೆ ಎಂದರೂ ಧೈರ್ಯಗೆಡಬೇಡಿರಿ, ಬೇರೆ ಔಷಧಗಳಿವೆ.