ಪುನರುತ್ಥಾನ ಮತ್ತು ನಮ್ಮ ಜ್ಞಾನಸ್ನಾನ

(ಶತಮಾನೋತ್ಸವದ ಅಂಗವಾಗಿ ಪಾಸ್ಕ ಕಾಲದಲ್ಲಿ ನಡೆದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಕಟ್ಟಡದ ಚರಿತ್ರೆಯನ್ನು ಹೇಳುವವರು ಬೇರೆ ಇದ್ದಾರೆ. ನಾನು ನೆನಪಿಸಬಯಸುವುದು ಗುರುನಿವಾಸದ ಬೀರುವಿನಲ್ಲಿರುವ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು. ಅದರಲ್ಲಿ ಒಂದು ಹೆಸರು, ಒಂದು ದಿನಾಂಕ, ತಂದೆತಾಯಿಯರ ಮತ್ತು ಜ್ಞಾನ ತಂದೆತಾಯಿಯರ ಹೆಸರುಗಳು, ಅಷ್ಟೇ. ಧರ್ಮಸಭೆಯ ನಿಯಮದಂತೆ ಆಮೇಲಿನ ದೃಢೀಕರಣ, ವಿವಾಹ, ಗುರುದೀಕ್ಷೆ ಇವೆಲ್ಲವೂ ಆ ಸಾಲಿನ ಪಕ್ಕದಲ್ಲಿಯೇ ದಾಖಲಾಗಬೇಕು. ಏಕೆಂದರೆ ಅವೆಲ್ಲವೂ ಆ ಒಂದು ದಿನದಿಂದಲೇ ಬೆಳೆದು ಬಂದವು. ಆ ದಿನವೇ ನಮ್ಮ ನಮ್ಮ ಪಾಸ್ಕ ಹಬ್ಬ.

ಇದು ಅಲಂಕಾರದ ಮಾತಲ್ಲ. ಜ್ಞಾನಸ್ನಾನ ಪಡೆದವನು ಕ್ರಿಸ್ತರೊಡನೆ ಮರಣಹೊಂದಿ ಹೂಳಲ್ಪಟ್ಟಿದ್ದಾನೆ, ಅವರೊಡನೆಯೇ ಹೊಸ ಬಾಳಿಗೆ ಎದ್ದಿದ್ದಾನೆ ಎಂಬುದು ರೋಮನರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಸಂತ ಪೌಲರ ಬೋಧನೆ. ಆದುದರಿಂದಲೇ ಪ್ರಾಚೀನ ಧರ್ಮಸಭೆ ಜ್ಞಾನಸ್ನಾನಕ್ಕೆ ಪಾಸ್ಕ ರಾತ್ರಿಯನ್ನು ವಿಶೇಷವಾಗಿ ಆರಿಸಿಕೊಂಡಿತು. ಸಂತ ಅಗಸ್ಟೀನರು 387ರ ಪಾಸ್ಕ ರಾತ್ರಿಯಂದು ಮಿಲಾನ್ ನಗರದಲ್ಲಿ ಸಂತ ಅಂಬ್ರೋಸರ ಕೈಯಿಂದ ಜ್ಞಾನಸ್ನಾನ ಪಡೆದರು. ಅದೇ ನೀರು ಸಮಾಧಿಯೂ ಹೌದು, ತಾಯಿಯೂ ಹೌದು ಎಂಬ ಬೋಧನೆ ಜೆರುಸಲೇಮಿನ ಸಂತ ಸಿರಿಲರ ಹೆಸರಿನಲ್ಲಿ ಉಳಿದು ಬಂದಿದೆ. ಹೊಸದಾಗಿ ಜ್ಞಾನಸ್ನಾನ ಪಡೆದವರು ಎಂಟು ದಿನಗಳ ಕಾಲ ಬಿಳಿಯ ಉಡುಪನ್ನು ಧರಿಸಿರುತ್ತಿದ್ದರು. ಇಂದು ನಾವು ಹಸುಗೂಸಿನ ಮೇಲೆ ಹೊದಿಸುವ ಬಿಳಿಯ ವಸ್ತ್ರ ಆ ಸಂಪ್ರದಾಯದ ಕುಡಿ.

ನಡುವೆ ಈ ಅರಿವು ಮಸುಕಾಯಿತು. ಪಾಸ್ಕ ಜಾಗರಣೆಯ ವಿಧಿಗಳು ಶತಮಾನಗಳ ಕಾಲ ಪವಿತ್ರ ಶನಿವಾರದ ಬೆಳಿಗ್ಗೆಯೇ ನಡೆದುಹೋಗುತ್ತಿದ್ದವು. ಹಾಡಹಗಲಿನಲ್ಲಿ ಮೇಣದ ಬತ್ತಿ ಹಿಡಿದು ಕತ್ತಲೆಯನ್ನು ಗೆದ್ದ ಬೆಳಕನ್ನು ಸ್ತುತಿಸುವುದು ಎಷ್ಟು ವಿಚಿತ್ರ! ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1951ರಲ್ಲಿ ಪ್ರಯೋಗಾರ್ಥವಾಗಿಯೂ, 1955ರ ಆಜ್ಞೆಯ ಮೂಲಕ ಖಾಯಂ ಆಗಿಯೂ ಅದನ್ನು ರಾತ್ರಿಗೆ ಹಿಂದಿರುಗಿಸಿದರು. ಆದರೂ ಶುಭ ಶುಕ್ರವಾರದಂದು ದೇವಾಲಯದ ಹೊರಗೂ ಜನ ನಿಂತಿರುತ್ತಾರೆ, ಪಾಸ್ಕ ಜಾಗರಣೆಗೆ ಹಿಂದಿನ ಬೆಂಚುಗಳು ಖಾಲಿ! ದುಃಖ ನಮಗೆ ಪರಿಚಿತ, ಅದಕ್ಕೆ ಅರ್ಥ ಹೇಳಿಕೊಡಬೇಕಾಗಿಲ್ಲ. ಹೊಸ ಬಾಳು ಎಂದರೇನು ಎಂಬುದೇ ನಮಗೆ ಸ್ಪಷ್ಟವಾಗಿಲ್ಲ.

ಬೋಧಕರು ಸಾಮಾನ್ಯವಾಗಿ ಮಾವಿನ ಚಿಗುರಿನ ಹೋಲಿಕೆ ಕೊಡುತ್ತಾರೆ. ಯುಗಾದಿಯ ಆಸುಪಾಸಿನಲ್ಲಿ ಪಾಸ್ಕ ಬರುವ ನಮ್ಮ ನಾಡಿನಲ್ಲಿ ಅದು ಸಹಜ. ಆದರೆ ನನಗೆ ಅದು ಅಷ್ಟಾಗಿ ಹಿಡಿಸದು. ಮರ ಚಿಗುರುವುದು ಅದರ ಸ್ವಭಾವ. ಸತ್ತ ಮನುಷ್ಯ ಏಳುವುದು ಯಾವ ಋತುವಿನ ಸ್ವಭಾವವೂ ಅಲ್ಲ, ಅದು ದೇವರ ಕೃತಿ. ಲಾಜರನ ಹೋಲಿಕೆಯೂ ಸಾಲದು. ಅವನು ಹಳೆಯ ಬಾಳಿಗೇ ಮರಳಿದನು, ಮತ್ತೆ ಸಾಯಲಿಕ್ಕಿದ್ದನು. ಯೇಸುಸ್ವಾಮಿ ಹಿಂದಕ್ಕೆ ಬರಲಿಲ್ಲ, ಮರಣವನ್ನು ದಾಟಿ ಮುಂದಕ್ಕೆ ಹೋದರು. ಹಾಗೆಂದು ಹಳೆಯದು ಅಳಿಸಿಹೋಗಲೂ ಇಲ್ಲ. ತೋಮನಿಗೆ ಅವರು ತೋರಿಸಿದ್ದು ಗಾಯಗಳನ್ನೇ.

ಸಂತ ಯೊವಾನ್ನರ ಶುಭಸಂದೇಶದಲ್ಲಿ ಒಂದು ಸೂಕ್ಷ್ಮವಿದೆ. ಇದ್ದಲಿನ ಬೆಂಕಿ ಎಂಬರ್ಥದ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ, ಅದೂ ಈ ಶುಭಸಂದೇಶದಲ್ಲಿ ಮಾತ್ರ, ಬರುತ್ತದೆ. ಮೊದಲನೆಯದು ಪ್ರಧಾನ ಯಾಜಕನ ಅಂಗಳದಲ್ಲಿ. ಚಳಿಯಲ್ಲಿ ಆಳುಗಳು ಹಾಕಿದ್ದ ಆ ಬೆಂಕಿಯನ್ನು ಕಾಯಿಸಿಕೊಳ್ಳುತ್ತಿದ್ದವನು ಪೇತ್ರ; ತನ್ನ ಗುರುವನ್ನು ತಾನರಿಯೆನೆಂದವನೂ ಅವನೇ. ಎರಡನೆಯದು ತಿಬೇರಿಯ ಸರೋವರದ ದಡದಲ್ಲಿ, ನಸುಕಿನಲ್ಲಿ. ಈ ಬಾರಿ ಬೆಂಕಿಯನ್ನು ಸಿದ್ಧಪಡಿಸಿದವರು ಪುನರುತ್ಥಾನರಾದ ಪ್ರಭು. ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಊಟವಾದ ಮೇಲೆ ಪ್ರೀತಿಯ ಕುರಿತು ಮೂರು ಸಲ ಪ್ರಶ್ನೆ. ಆ ರಾತ್ರಿಯ ಮಾತನ್ನು ಯೇಸುಸ್ವಾಮಿ ಎತ್ತಲಿಲ್ಲ. ಮರೆತಂತೆ ನಟಿಸಲೂ ಇಲ್ಲ. ಮೂರನೆಯ ಪ್ರಶ್ನೆಗೆ ಪೇತ್ರನ ಮನಸ್ಸು ನೊಂದಿತು, ಆ ನೋವಿನ ಒಳಗೇ ಅವನಿಗೆ ಮಂದೆಯ ಹೊಣೆ ದೊರೆಯಿತು. ಹೊಸ ಬಾಳು ಹೇಗಿರುತ್ತದೆ ಎಂದು ಕೇಳುವವರಿಗೆ ನಾನು ಈ ಬೆಂಕಿಯನ್ನು ತೋರಿಸುತ್ತೇನೆ.

ಈಗ ನಮ್ಮ ಧರ್ಮಕೇಂದ್ರದ ವಿಚಾರಕ್ಕೆ ಬರುತ್ತೇನೆ. ದಾಖಲೆ ಪುಸ್ತಕವನ್ನು ತಿರುವುವಾಗ ಅಣ್ಣನ ಮಗುವಿಗೆ ತಮ್ಮನೇ ಜ್ಞಾನ ತಂದೆಯಾಗಿ ನಿಂತ ಸಾಲುಗಳು ಸಿಗುತ್ತವೆ. ಅಂಥ ಕೆಲವು ಮನೆಗಳ ನಡುವೆ ಇಂದು ಮಾತಿಲ್ಲ. ಕಾರಣ ಗದ್ದೆಯ ಬದು ಅಥವಾ ತಂದೆಯ ಆಸ್ತಿಯ ಪಾಲು. ಹೆಸರು ಹೇಳುವುದು ನನ್ನ ಉದ್ದೇಶವಲ್ಲ, ಹೇಳುವ ಅಗತ್ಯವೂ ಇಲ್ಲ. ಅಣ್ಣ ಬಲಗಡೆಯ ಬೆಂಚಿನಲ್ಲಿ, ತಮ್ಮ ಎಡಗಡೆಯಲ್ಲಿ. ಇಬ್ಬರೂ ಅದೇ ಪರಮಪ್ರಸಾದವನ್ನು ಸ್ವೀಕರಿಸುತ್ತಾರೆ. ಸೈತಾನನನ್ನೂ ಅವನ ಕಾರ್ಯಗಳನ್ನೂ ತ್ಯಜಿಸುವಿರಾ ಎಂಬ ಪ್ರಶ್ನೆಗೆ ಪಾಸ್ಕ ರಾತ್ರಿ ಇಬ್ಬರೂ ಗಟ್ಟಿಯಾಗಿಯೇ ಉತ್ತರಿಸುತ್ತಾರೆ. ನ್ಯಾಯಾಲಯದ ತೀರ್ಪು ಬರುವವರೆಗೆ ಕಾಯೋಣ ಎನ್ನುವವರಿದ್ದಾರೆ. ಬದು ಎಲ್ಲಿದೆ ಎಂಬುದನ್ನು ನ್ಯಾಯಾಲಯ ಹೇಳಬಲ್ಲದು, ಹೇಳಲಿ. ಆದರೆ ತನ್ನ ಜ್ಞಾನ ತಂದೆಗೆ ಎದುರಾದಾಗ ಮುಖ ತಿರುಗಿಸಿಕೊಳ್ಳಬೇಕೆಂದು ಮನೆಯಲ್ಲಿ ಕಲಿಸಲ್ಪಟ್ಟ ಆ ಮಗುವಿಗೆ ಯಾವ ನ್ಯಾಯಾಲಯ ಏನು ಹೇಳೀತು?

ಬರುವ ಪಾಸ್ಕ ಜಾಗರಣೆಗೆ ಎಲ್ಲ ಕುಟುಂಬಗಳೂ ಬರಬೇಕೆಂದು ಕೇಳಿಕೊಳ್ಳುತ್ತೇನೆ. ದೀಪಗಳೆಲ್ಲ ಆರಿದ ಮೇಲೆ ಪಾಸ್ಕ ಮೇಣದ ಬತ್ತಿಯೊಂದೇ ಒಳಗೆ ಬರುತ್ತದೆ. ಅದರ ಬೆಳಕನ್ನು ಪ್ರತಿಯೊಬ್ಬರೂ ಪಕ್ಕದವರಿಂದ ಪಡೆದು ಇನ್ನೊಬ್ಬ ಪಕ್ಕದವರಿಗೆ ಕೊಡಬೇಕು. ಬೆಂಕಿಪೊಟ್ಟಣ ತರುವುದು ಬೇಡ. ಆ ರಾತ್ರಿ ಯಾರು ಯಾರ ಪಕ್ಕದಲ್ಲಿ ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ನಡುವಿನ ದಾರಿಯನ್ನು ಸ್ವಲ್ಪ ಕಿರಿದು ಮಾಡಿ ಬೆಂಚುಗಳನ್ನು ಹತ್ತಿರ ಹತ್ತಿರ ಇಡುವಂತೆ ಮಾತ್ರ ಉಪದೇಶಿಯವರಿಗೆ ತಿಳಿಸಿದ್ದೇನೆ.